ಹಳೆಯ ಲ್ಯಾಪ್‌ಟಾಪು ಮತ್ತು ಲಿನಕ್ಸು

ತಮ್ಮ ಮನೆಯ ಅಟ್ಟದ ಮೇಲೋ ಅಲಮಾರಿನ ಕೆಳಗಣ ಖಾನೆಯಲ್ಲೋ ಹದಿನೈದು ವರ್ಷದ ಹಿಂದೆ ಕೊಂಡ ಲ್ಯಾಪ್‌ಟಾಪೊಂದು ಹಳೆಯ ಟವಲಿನಲ್ಲಿ ಸುತ್ತಿಸಿಕೊಂಡು ಮಲಗಿರಬಹುದು. ಅಂದಿಗೆ ಅದು ಒಡವೆಯಂತೆ ಹಣ ಕೊಟ್ಟು ತಂದ ವಸ್ತು. ಗುಜರಿಯವನ ತಕ್ಕಡಿಗೆ ಹಾಕಲು ಮನಸ್ಸು ಬಾರದು. ಕೆಟ್ಟಿದೆಯೆ ಎಂದು ಕೇಳಿದರೆ, "ಕೆಟ್ಟಿಲ್ಲ ಸರ್, ಚಾಲೂ ಆಗ್ತದ, ಆದ್ರ ಭಾಳ ನಿಧಾನ" ಎಂಬ ಉತ್ತರವೇ ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ಕಡೆಯ ಮನೆಗಳಿಂದ ಬರುವುದು. ಈ ನಿಧಾನದ ನಿದಾನವೇನು, ಅದಕ್ಕೆ ಲಿನಕ್ಸ್ ಎಂಬ ಮದ್ದು ಎಲ್ಲಿಂದ ಬಂತು, ಅದರ ಚರಿತ್ರೆಯಲ್ಲಿ ಕನ್ನಡ ನಾಡಿನ ಪಾಲೇನು ಎಂಬುದನ್ನು ಇಲ್ಲಿ ಅರಿಕೆ ಮಾಡುತ್ತೇನೆ. ಕನ್ನಡ ಪಂಡಿತನಿಗೂ ಗಣಕಯಂತ್ರಕ್ಕೂ ಏನು ಸಂಬಂಧವೆಂದು ಕೇಳಬೇಡಿ. ಪ್ರಶ್ನೆಪತ್ರಿಕೆಯನ್ನು ಬೆರಳಚ್ಚು ಮಾಡುವ ಹೊಣೆ ಶಾಲೆಯಲ್ಲಿ ಪಂಡಿತನ ತಲೆಗೇ ಬರುತ್ತದೆ.

ಮೊದಲು ಮುಪ್ಪಿನ ಮಾತು. ಎತ್ತಿಗೆ ವಯಸ್ಸಾದರೆ ಕಾಲಿನ ಕಸುವು ಇಳಿಯುತ್ತದೆ. ಗಣಕದ ಮಿದುಳೆನಿಸಿದ ಪ್ರೊಸೆಸರಿಗೆ ಆ ಬಗೆಯ ಮುಪ್ಪಿಲ್ಲ. ೨೦೦೯ರಲ್ಲಿ ಅದು ಒಂದು ಸೆಕೆಂಡಿಗೆ ಎಷ್ಟು ಲೆಕ್ಕ ಮಾಡುತ್ತಿದ್ದಿತೋ ಇಂದೂ ಅಷ್ಟನ್ನೇ ಮಾಡಬಲ್ಲದು. ಏರಿರುವುದು ಅದರ ಬೆನ್ನಿನ ಮೇಲಣ ಹೇರು. ೨೦೦೧ರಲ್ಲಿ ಹೊರಟ ವಿಂಡೋಸ್ ಎಕ್ಸ್‌ಪಿಗೆ ಕನಿಷ್ಠ ೬೪ ಎಂಬಿ ರ‍್ಯಾಮ್ ಇದ್ದರೆ ಸಾಕೆಂದು ತಯಾರಕರೇ ಹೇಳಿದ್ದರು. ೨೦೨೧ರ ವಿಂಡೋಸ್ ೧೧ಕ್ಕೆ ೪ ಜಿಬಿ ಬೇಕು. ಇಪ್ಪತ್ತು ವರ್ಷಗಳಲ್ಲಿ ಅರುವತ್ತನಾಲ್ಕು ಪಟ್ಟು! ಟೈಪು ಮಾಡುವ ನನ್ನ ಬೆರಳು ಮಾತ್ರ ಅರುವತ್ತನಾಲ್ಕು ಪಟ್ಟು ಚುರುಕಾಗಿಲ್ಲ. ಎಕ್ಸ್‌ಪಿಯ ಪೋಷಣೆಯನ್ನು ೨೦೧೪ರ ಏಪ್ರಿಲ್ ೮ರಂದು ನಿಲ್ಲಿಸಿದರು. ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪ರಂದು ಮಂಗಳ ಹಾಡಿದರು. ವಿಂಡೋಸ್ ೧೦ರ ಸರದಿ ೨೦೨೫ರ ಅಕ್ಟೋಬರ್ ೧೪ಕ್ಕೆ ಬಂತು. ಹನ್ನೊಂದನೆಯದಾದರೋ ಟಿಪಿಎಂ ಎಂಬ ಒಂದು ಭದ್ರತಾ ಚಿಪ್ಪನ್ನೂ ತಕ್ಕಷ್ಟು ಹೊಸದಾದ ಪ್ರೊಸೆಸರನ್ನೂ ಕೇಳುವುದರಿಂದ, ಎಷ್ಟೋ ಗಟ್ಟಿಮುಟ್ಟಾದ ಯಂತ್ರಗಳು ಹೊಸಿಲಿನ ಆಚೆಯೇ ಉಳಿದವು.

ರೇಡಿಯೋ ಇಟ್ಟುಕೊಂಡವರಿಗೆ ಈ ಅನ್ಯಾಯ ಬೇಗ ಅರ್ಥವಾದೀತು. ಅಜ್ಜನ ಕಾಲದ ವಾಲ್ವ್ ಸೆಟ್ಟಿಗೆ ಒಂದು ವಾಲ್ವು ಹಾಕಿಸಿ ಮುಳ್ಳನ್ನು ಸರಿಯಾದ ಮೀಟರಿಗೆ ತಿರುಗಿಸಿದರೆ, ಕಲಬುರಗಿ ನಿಲಯದ ಮೀಡಿಯಂ ವೇವ್ ಪ್ರಸಾರ ಅದರಲ್ಲಿಯೂ ಕೇಳಿಸೀತು. ಪ್ರಸಾರ ಮಾಡುವವರು ಹಳೆಯ ಸೆಟ್ಟನ್ನು ಮರೆಯಲಿಲ್ಲವಾದುದರಿಂದ ಅದಕ್ಕೆ ಇನ್ನೂ ಬಾಳಿಕೆ ಉಂಟು. ಗಣಕದ ಲೋಕದಲ್ಲಿ ಹಾಗಲ್ಲ; ಅಲ್ಲಿ ಯಂತ್ರ ಯಾವಾಗ ಹಳೆಯದಾಯಿತೆಂಬುದನ್ನು ಕೊಂಡವನಿಗಿಂತ ಹೆಚ್ಚಾಗಿ ಅದರೊಳಗಿನ ತಂತ್ರಾಂಶವನ್ನು ಮಾಡಿದವನು ನಿರ್ಧರಿಸುತ್ತಾನೆ. ಲಿನಕ್ಸಿನ ಕಥೆ ಮುಖ್ಯವಾಗುವುದು ಇಲ್ಲಿಯೇ.

ಆ ಕಥೆಯ ಬೇರು ಇರುವುದು ಒಂದು ಬಿಸಾಡಿದಂಥ ಯಂತ್ರದಲ್ಲಿ ಎಂಬುದು ಸ್ವಾರಸ್ಯದ ಸಂಗತಿ. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಮಲ್ಟಿಕ್ಸ್ ಎಂಬ ಭಾರಿ ಯೋಜನೆಯಿಂದ ಹಿಂದೆ ಸರಿದರು. ಅದರಲ್ಲಿ ದುಡಿದಿದ್ದ ಕೆನ್ ಥಾಂಪ್ಸನ್ ಎಂಬವರಿಗೆ ಪ್ರಯೋಗ ಮಾಡಲು ಒಳ್ಳೆಯ ಯಂತ್ರವಿಲ್ಲದಾಯಿತು. ಆಗ ಮೂಲೆಯಲ್ಲಿ ಹೆಚ್ಚು ಬಳಕೆಯಿಲ್ಲದೆ ನಿಂತಿದ್ದ ಪಿಡಿಪಿ-೭ ಎಂಬ ಗಣಕ ಅವರ ಕಣ್ಣಿಗೆ ಬಿತ್ತು. ಆ ಕಾಲಕ್ಕೇ ಅದು ಹಳತು. ಅದರ ನೆನಪಿನ ಕೋಶ ಹದಿನೆಂಟು ಬಿಟ್ಟಿನ ಎಂಟು ಸಾವಿರ ಚಿಲ್ಲರೆ ಪದಗಳಷ್ಟು. ಇಂದಿನ ಲೆಕ್ಕದಲ್ಲಿ ಹದಿನೆಂಟು ಕೆಬಿ. ಇಂದು ನಾವು ವಾಟ್ಸ್ಯಾಪಿನಲ್ಲಿ ಕಳುಹಿಸುವ ಶುಭೋದಯದ ಒಂದು ಚಿತ್ರ ಅದರಲ್ಲಿ ಹಿಡಿಸುವುದು ಕಷ್ಟ. ಅಷ್ಟರೊಳಗೆ ಥಾಂಪ್ಸನ್ನರೂ ಅವರ ಸಂಗಡಿಗ ಡೆನಿಸ್ ರಿಚಿಯವರೂ ಕೂಡಿ ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ಕಟ್ಟಿದರು. ಬಡತನದಲ್ಲಿ ಹುಟ್ಟಿದ ಕೂಸಾದುದರಿಂದ ಮಿತವ್ಯಯ ಅದಕ್ಕೆ ಹುಟ್ಟುಗುಣವಾಯಿತು. ಒಂದೊಂದು ಸಲಕರಣೆಯೂ ಸಣ್ಣದು, ಒಂದೇ ಕೆಲಸ ಮಾಡತಕ್ಕದ್ದು. ದೊಡ್ಡ ಕೆಲಸ ಬೇಕಾದರೆ ಹಲವು ಸಣ್ಣವನ್ನು ಒಂದಕ್ಕೊಂದು ಪೋಣಿಸಿಕೊಳ್ಳುವುದು. ಈ ಪದ್ಧತಿ ಇಂದಿಗೂ ಉಳಿದಿದೆ.

ಯುನಿಕ್ಸ್ ಬೆಳೆಯಿತು, ಬೆಳೆದಂತೆ ಅದರ ಸುತ್ತ ಹಕ್ಕುಪತ್ರಗಳ ಬೇಲಿಯೂ ಎದ್ದಿತು. ಅದನ್ನು ಸಹಿಸದೆ ರಿಚರ್ಡ್ ಸ್ಟಾಲ್ಮನ್ ಎಂಬವರು ೧೯೮೩ರ ಸೆಪ್ಟೆಂಬರಿನಲ್ಲಿ, ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿ, ಹಂಚಬಹುದಾದ ಗ್ನು ಎಂಬ ವ್ಯವಸ್ಥೆಯನ್ನು ಕಟ್ಟುವುದಾಗಿ ಸಾರಿದರು. ಸಲಕರಣೆಗಳೆಲ್ಲ ಒಂದೊಂದಾಗಿ ಸಿದ್ಧವಾದವು. ನಡುವಣ ತಿರುಳು, ಅವರು ಕರ್ನೆಲ್ ಎನ್ನುವುದು, ಮಾತ್ರ ಹಿಂದೆ ಬಿತ್ತು.

ಆ ತಿರುಳನ್ನು ಕೊಟ್ಟವನು ಫಿನ್ಲೆಂಡ್ ದೇಶದ ಹೆಲ್ಸಿಂಕಿಯ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ, ಲಿನಸ್ ಟೊರ್ವಾಲ್ಡ್ಸ್. ೧೯೯೧ರ ಜನವರಿಯಲ್ಲಿ ಆತ ಕಂತಿನ ಮೇಲೆ ಒಂದು ೩೮೬ ಗಣಕವನ್ನು ಕೊಂಡಿದ್ದ. ಅದರ ರ‍್ಯಾಮ್ ೪ ಎಂಬಿ. ಆಗಸ್ಟ್ ೨೫ರಂದು, ತಾನು ಹವ್ಯಾಸಕ್ಕಾಗಿ ಒಂದು ಕಾರ್ಯಾಚರಣೆ ವ್ಯವಸ್ಥೆಯನ್ನು ಬರೆಯುತ್ತಿರುವುದಾಗಿಯೂ ಅದು ಗ್ನುವಿನಷ್ಟು ದೊಡ್ಡದೇನೂ ಆಗದೆಂದೂ ಗಣಕಾಸಕ್ತರಿಗೆ ತಿಳಿಸಿದ. ಸೆಪ್ಟೆಂಬರಿನಲ್ಲಿ ಮೊದಲ ಆವೃತ್ತಿ ಹೊರಬಿತ್ತು. ಅದಕ್ಕೆ ಆತ ಇಡಬೇಕೆಂದಿದ್ದ ಹೆಸರು ಫ್ರೀಕ್ಸ್. ಕಡತವನ್ನು ಸರ್ವರಿನಲ್ಲಿರಿಸಿದ ಗೆಳೆಯನಿಗೆ ಆ ಹೆಸರು ಹಿಡಿಸದೆ, ಕೇಳದೆಯೇ ಲಿನಕ್ಸ್ ಎಂದು ಬರೆದುಬಿಟ್ಟ. ನಾಮಕರಣದಲ್ಲಿ ಸೋದರತ್ತೆಯ ಅಧಿಕಾರ ಫಿನ್ಲೆಂಡಿನಲ್ಲೂ ಉಂಟೆಂದು ಕಾಣುತ್ತದೆ. ೧೯೯೨ರಲ್ಲಿ ಅದು ಗ್ನುವಿನ ಸಾರ್ವಜನಿಕ ಪರವಾನಗಿಯಡಿ ಬಂದ ಮೇಲೆ ತಿರುಳೂ ಸಲಕರಣೆಗಳೂ ಕೂಡಿಕೊಂಡವು.

ಇಲ್ಲಿ ಒಂದು ಶಬ್ದವಿಚಾರ. ಇಂಗ್ಲಿಷಿನಲ್ಲಿ ಫ್ರೀ ಎಂದರೆ ಪುಕ್ಕಟೆಯೂ ಹೌದು, ಸ್ವತಂತ್ರವೂ ಹೌದು. ಈ ಗೊಂದಲವನ್ನು ಬಿಡಿಸಲು ಆ ಜನ ನಲವತ್ತು ವರ್ಷದಿಂದ ಬಾಯಿ ನೋಯಿಸಿಕೊಳ್ಳುತ್ತಿದ್ದಾರೆ. ಕನ್ನಡಕ್ಕೆ ಆ ಕಷ್ಟವಿಲ್ಲ. ಲಿನಕ್ಸು ಸ್ವತಂತ್ರ ತಂತ್ರಾಂಶ. ಬಹುಮಟ್ಟಿಗೆ ಪುಕ್ಕಟೆಯಾಗಿ ಸಿಗುವುದು ಆ ಸ್ವಾತಂತ್ರ್ಯದ ಫಲ. ನಮಗೆ ಇದು ತೀರ ಹೊಸ ಕಲ್ಪನೆಯೂ ಅಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದಳೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಪ್ರತಿ ಮಾಡಿದಷ್ಟೂ ಗ್ರಂಥ ಉಳಿಯುತ್ತದೆ ಎಂಬುದೇ ಅಲ್ಲಿನ ತಿಳಿವು. ನಮ್ಮ ಹಿರಿಯರು ಹಳೆಯ ಗರಿ ಜೀರ್ಣವಾದಾಗ ಹಳೆಯ ಕಾವ್ಯವನ್ನು ಹೊಸ ಗರಿಗೆ ಇಳಿಸುತ್ತಿದ್ದರು. ಇಲ್ಲಿ ನಾವು ಮಾಡುವುದು ಅದರ ತಿರುವು, ಹಳೆಯ ಗರಿಯ ಮೇಲೆ ಹೊಸ ಬರೆಹ.

ತಿರುಳು ಒಂದೇ ಆದರೂ ಅದರ ಸುತ್ತ ಸಲಕರಣೆಗಳನ್ನು ಜೋಡಿಸಿ ಮನೆಮನೆಗೆ ಒದಗಿಸುವ ಹಂಚಿಕೆಗಳು ಹಲವು. ೧೯೯೩ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಅವುಗಳಲ್ಲಿ ಹಿರಿಯದು. ಡೆಬ್ರಾ ಎಂಬುದು ಆತನ ಒಲವಿನ ಹುಡುಗಿಯ ಹೆಸರು. ಡೆಬ್ರಾ, ಇಯಾನ್ ಎರಡೂ ಸೇರಿ ಡೆಬಿಯನ್ ಆಯಿತು. ದ್ವಂದ್ವ ಸಮಾಸವೆನ್ನೋಣ, ಲೋಪವಾದ 'ರಾ'ಕಾರಕ್ಕೆ ಕೇಶಿರಾಜನಲ್ಲಿ ಸೂತ್ರ ಹುಡುಕಬೇಡಿ. ಡೆಬಿಯನ್ನಿನ ಮೇಲೆ ೨೦೦೪ರಲ್ಲಿ ಉಬುಂಟು ಬಂತು. ಆಫ್ರಿಕದ ಬಾಂಟು ನುಡಿಗಳಲ್ಲಿ ಮಾನವೀಯತೆ ಎಂಬ ಅರ್ಥದ ಶಬ್ದವದು.

ಈಗ ನಮ್ಮ ನಾಡಿಗೆ ಬರೋಣ. ಕಡಿಮೆ ಶಕ್ತಿಯ ಯಂತ್ರದಲ್ಲಿ ಲಿನಕ್ಸನ್ನು ಓಡಿಸಿ ಜನಸಾಮಾನ್ಯರ ಕೈಗೆ ಕೊಡಬೇಕೆಂಬ ದೊಡ್ಡ ಕನಸೊಂದು ಹುಟ್ಟಿದ್ದು ಬೆಂಗಳೂರಿನಲ್ಲಿಯೇ. ಅದರ ಹೆಸರು ಸಿಂಪ್ಯೂಟರ್. ಇದರ ಆಲೋಚನೆ ಮೊಳೆತದ್ದು ೧೯೯೮ರ ಅಕ್ಟೋಬರಿನಲ್ಲಿ ಅಲ್ಲಿ ನಡೆದ ಒಂದು ಅಂತರರಾಷ್ಟ್ರೀಯ ಗೋಷ್ಠಿಯ ಸಂದರ್ಭದಲ್ಲಿ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಾವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿ. ವಿನಯ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಇವರೂ ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರೂ ಸೇರಿ ಒಂದು ಟ್ರಸ್ಟನ್ನು ರಚಿಸಿ, ೨೦೦೧ರ ಏಪ್ರಿಲ್ ೨೫ರಂದು ಮಾದರಿಯನ್ನು ಲೋಕಕ್ಕೆ ತೋರಿಸಿದರು. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ. ೨೦೬ ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರು, ೩೨ ಎಂಬಿ ರ‍್ಯಾಮ್, ಸಣ್ಣ ಸೆಲ್ಲುಗಳ ಶಕ್ತಿ, ಒಳಗೆ ಲಿನಕ್ಸ್. ಒಬ್ಬನಿಗೊಂದು ಕೊಳ್ಳಲಾಗದ ಹಳ್ಳಿಯಲ್ಲಿ ಯಂತ್ರ ಎಲ್ಲರಿಗೂ ಒಂದೇ ಇರಲಿ, ತನ್ನ ತನ್ನ ಲೆಕ್ಕವನ್ನು ಮಾತ್ರ ಪ್ರತಿಯೊಬ್ಬನೂ ಒಂದು ಸ್ಮಾರ್ಟ್ ಕಾರ್ಡಿನಲ್ಲಿ ಜೇಬಿನಲ್ಲಿಟ್ಟುಕೊಳ್ಳಲಿ ಎಂಬುದು ಅದರ ಹಿಂದಿನ ಯೋಚನೆ. ನಮ್ಮ ಕಡೆ ಊರಿಗೆಲ್ಲ ಒಂದು ಒರಳು ಇದ್ದು ಅಕ್ಕಿ ಅವರವರದಾಗಿರುತ್ತಿದ್ದಂತೆ.

ರೇಡಿಯೋ ಪ್ರಿಯರಾದ ತಮಗೆ ವಿಶೇಷವಾಗಿ ಹೇಳಬೇಕಾದದ್ದು, ಆ ಪುಟ್ಟ ಯಂತ್ರ ಮಾತನಾಡುತ್ತಿತ್ತು. ಓದುಬರೆಹ ಬಾರದವರಿಗಾಗಿ, ಬರೆದುದನ್ನು ಗಟ್ಟಿಯಾಗಿ ಓದಿ ಹೇಳುವ ಧ್ವನಿ ಎಂಬ ತಂತ್ರಾಂಶವನ್ನು ಅದಕ್ಕೆಂದು ರೂಪಿಸಿದ್ದರು. ಅದು ಮೊದಲು ಕಲಿತ ನುಡಿಗಳಲ್ಲಿ ಕನ್ನಡವೂ ಒಂದು. ಆಕಾಶವಾಣಿಯ ವಾಚಕರ ಇಂಪು ಅದಕ್ಕಿರಲಿಲ್ಲ. ಆದರೂ ೩೨ ಎಂಬಿಯೊಳಗಿಂದ ಕನ್ನಡದ ಮಾತು ಹೊರಡುವುದು ಆ ಕಾಲಕ್ಕೆ ಸಣ್ಣ ಸಾಧನೆಯಲ್ಲ. ಸುಮಾರು ಒಂಬತ್ತು ಸಾವಿರ ರೂಪಾಯಿಗೆ ಕೊಡಬೇಕೆಂಬ ಗುರಿಯಿತ್ತು. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ಅಮಿಡಾ ಎಂಬ ಹೆಸರಿನಲ್ಲಿ ಮಾರಾಟಕ್ಕೂ ಬಂತು. ಆದರೆ ನಿರೀಕ್ಷಿಸಿದಷ್ಟು ಬೇಡಿಕೆ ಬರಲೇ ಇಲ್ಲ. ಬಣ್ಣದ ಪರದೆಯ ಮಾದರಿಗಳ ಬೆಲೆ ಏರಿತು. ಸರ್ಕಾರಗಳು ಸಾವಿರಗಟ್ಟಲೆ ಕೊಳ್ಳಲಿಲ್ಲ. ಅಷ್ಟರಲ್ಲಿ ಅಗ್ಗದ ಮೊಬೈಲು ಫೋನು ಊರೂರಿಗೂ ನುಗ್ಗಿತು. ಇದನ್ನು ಸೋಲೆಂದು ಬರೆಯುವವರುಂಟು. ಕಾಲಕ್ಕೆ ಮುಂಚೆ ಬಂದ ಮಳೆ ಎನ್ನುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಕೆಲವೇ ವರ್ಷಗಳಲ್ಲಿ ಕೈಗೆ ಬಂದ ಆಂಡ್ರಾಯ್ಡ್ ಫೋನುಗಳ ಒಳಗಿನ ತಿರುಳೂ ಲಿನಕ್ಸೇ ಅಲ್ಲವೆ?

ಯಂತ್ರ ನಡೆದರಾಯಿತೆ? ಅದರಲ್ಲಿ ಕನ್ನಡ ಸರಿಯಾಗಿ ಮೂಡಬೇಡವೆ? ಇಲ್ಲಿ ಪಂಡಿತನ ಅಧಿಕಾರದಿಂದ ಎರಡು ಮಾತು ಹೆಚ್ಚು ಹೇಳುತ್ತೇನೆ. ಇಂಗ್ಲಿಷಿನ ಅಕ್ಷರಗಳು ಸಾಲಿನಲ್ಲಿ ನಿಂತ ಪೊಲೀಸರಂತೆ. ಒಂದರ ಪಕ್ಕಕ್ಕೊಂದು ನಿಲ್ಲಿಸಿದರೆ ಕೆಲಸ ಮುಗಿಯಿತು. ನಮ್ಮಲ್ಲಿ ಒತ್ತಕ್ಷರ ಕೆಳಗಿಳಿಯಬೇಕು, ಗುಣಿತದ ಕೊಂಬು ಪಕ್ಕಕ್ಕೆ ಬರಬೇಕು, ದೀರ್ಘ ಆಚೆ ನಿಲ್ಲಬೇಕು. ಅರ್ಕಾವೊತ್ತಿನ ಗತಿಯನ್ನೇ ನೋಡಿ: ಧರ್ಮ ಎಂಬಲ್ಲಿ ರೇಫವನ್ನು ಮಕಾರಕ್ಕೆ ಮೊದಲು ಉಚ್ಚರಿಸುತ್ತೇವೆ, ಬರೆಯುವಾಗ ಅದನ್ನು ಮಕಾರದ ಬಲಕ್ಕೆ ಇಡುತ್ತೇವೆ. ೧೯೯೧ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಮನೆಗಳ ಒಂದು ಓಣಿ ಸಿಕ್ಕಿದ್ದಿತು. ಅಲ್ಲಿರುವುದು ಬಿಡಿ ವರ್ಣಗಳು ಮಾತ್ರ. ಅವನ್ನು ಉಚ್ಚಾರದ ಕ್ರಮದಲ್ಲಿ ಇಟ್ಟುಕೊಂಡು ಪರದೆಯ ಮೇಲೆ ಬರೆಹದ ಕ್ರಮದಲ್ಲಿ ಕೂಡಿಸುವ ಕೆಲಸ ತಂತ್ರಾಂಶದ್ದು. ಲಿನಕ್ಸಿನಲ್ಲಿ ಮೊದಲಿಗೆ ಈ ಕೂಡಿಕೆ ಸರಿಯಿರಲಿಲ್ಲ. ಒತ್ತುಗಳು ಬಿಡಿಬಿಡಿಯಾಗಿ ಸಾಲಿನಲ್ಲಿ ನಿಂತು, ಓದುವವನ ತಾಳ್ಮೆಯನ್ನು ಪರೀಕ್ಷಿಸುತ್ತಿದ್ದವು. ಪ್ಯಾಂಗೋ, ಅನಂತರ ಹಾರ್ಫ್‌ಬಝ್ ಎಂಬ ಅಕ್ಷರಸಂಯೋಜಕಗಳು ಪಕ್ವವಾದಂತೆ ಆ ತೊಂದರೆ ನೀಗಿತು. ಸಂಬಳವಿಲ್ಲದ ಕನ್ನಡಿಗರು ಸಂಜೆ ರಾತ್ರಿಗಳಲ್ಲಿ ಕುಳಿತು ಗ್ನೋಮ್, ಕೆಡಿಇ ಮುಂತಾದವುಗಳ ಆದೇಶಗಳನ್ನೆಲ್ಲ ಕನ್ನಡಕ್ಕೆ ತಂದರು. ಡೆಬಿಯನ್ನನ್ನು ಯಂತ್ರಕ್ಕೆ ಹಾಕುವಾಗ ಮೊದಲ ಪುಟದಲ್ಲಿಯೇ ಭಾಷೆ ಯಾವುದೆಂದು ಕೇಳುತ್ತದೆ. ಆ ಪಟ್ಟಿಯಲ್ಲಿ ಕನ್ನಡವಿದೆ. ಅದರ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಚೆಲುವಾದ ಎರಡು ಅಕ್ಷರರೂಪಗಳಿವೆ, ಪುಕ್ಕಟೆ ಮಾತ್ರವಲ್ಲ, ಸ್ವತಂತ್ರ ಕೂಡ. ಗುಬ್ಬಿಯಲ್ಲಿ ಪಾಠ ಬರೆದು ನವಿಲಿನಲ್ಲಿ ಶೀರ್ಷಿಕೆ ಕೊಡುವುದು ನನಗೆ ರೂಢಿಯಾಗಿದೆ.

ಕೀಲಿಮಣೆಯ ಚಿಂತೆಯೂ ಬೇಡ. ನಮ್ಮ ನಾಡಿನ ಕೆ. ಪಿ. ರಾಯರು ರೂಪಿಸಿದ ವಿನ್ಯಾಸವೇ ನುಡಿ ತಂತ್ರಾಂಶದ ಮೂಲಕ ಕಚೇರಿ, ಶಾಲೆಗಳಲ್ಲಿ ಹರಡಿದ್ದು. ಅದೇ ವಿನ್ಯಾಸ ಲಿನಕ್ಸಿನಲ್ಲೂ ಕೆಜಿಪಿ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಬೆರಳು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ತೊಡಕಿರುವುದು ಹಳೆಯ ಕಡತಗಳಲ್ಲಿ. ಯೂನಿಕೋಡಿಗೆ ಮುಂಚಿನ ನುಡಿ ಅಕ್ಷರಗಳಲ್ಲಿ ಟೈಪು ಮಾಡಿದ ಪ್ರಶ್ನೆಪತ್ರಿಕೆಗಳು ಲಿನಕ್ಸಿನಲ್ಲಿ ತೆರೆದಾಗ ಯಾವುದೋ ಅನ್ಯಗ್ರಹದ ಶಾಸನದಂತೆ ಕಾಣುತ್ತವೆ. ಪರಿವರ್ತಕ ತಂತ್ರಾಂಶಗಳುಂಟು, ಬಹುಪಾಲು ಸರಿಯಾಗಿ ಬಿಡಿಸುತ್ತವೆ. ಅರ್ಕಾವೊತ್ತಿರುವಲ್ಲಿ ಮಾತ್ರ ಒಮ್ಮೆ ಕಣ್ಣಾಡಿಸಿರಿ.

ಶಾಲೆಗಳ ಸಂಗತಿಗೆ ಬಂದರೆ ನೆರೆಯ ಕೇರಳವನ್ನು ಮೆಚ್ಚಬೇಕು. ಈ ಶತಮಾನದ ಮೊದಲ ದಶಕದಲ್ಲಿಯೇ ಅವರು ಪ್ರೌಢಶಾಲೆಗಳ ಗಣಕಗಳನ್ನೆಲ್ಲ ಲಿನಕ್ಸಿಗೆ ತಿರುಗಿಸಿದರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅಲ್ಲಿನ ಐಟಿ ಪಾಠವನ್ನು ಕನ್ನಡದಲ್ಲಿ ಅಚ್ಚಾದ ಪುಸ್ತಕದಿಂದ ಓದಿ, ಲಿನಕ್ಸಿನ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ಗಡಿಯಾಚೆಯ ಕನ್ನಡ ಮಗುವಿಗೆ ದೊರೆತ ಈ ಅನುಕೂಲ ಗಡಿಯೊಳಗಿನ ನಮ್ಮ ಮಕ್ಕಳಿಗೆ ಅಷ್ಟು ವ್ಯವಸ್ಥಿತವಾಗಿ ದೊರೆಯಲಿಲ್ಲವೆಂಬುದು ನನ್ನ ಕೊರಗು. ನಮ್ಮಲ್ಲಿ ಪ್ರಯತ್ನವೇ ಆಗಲಿಲ್ಲವೆಂದಲ್ಲ. ೨೦೧೧ರಿಂದ ಶಿಕ್ಷಣ ಇಲಾಖೆಯವರು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ಕೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟುವಿನ ಮೇಲೆಯೇ ತರಬೇತಿ ಕೊಟ್ಟರು. ಗಣಿತದವರು ಜಿಯೋಜೀಬ್ರವನ್ನು ಕಲಿತದ್ದು ಅಲ್ಲಿಯೇ. ಬೆಂಗಳೂರಿನ ಸುದರ್ಶನ್ ಲೇಔಟ್ ಕೊಳೆಗೇರಿಯಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ತರುಣರು ಅಂಬೇಡ್ಕರರ ಹೆಸರಿನಲ್ಲಿ ಒಂದು ಸಮುದಾಯ ಗಣಕ ಕೇಂದ್ರವನ್ನು ನಡೆಸಿ, ಕೂಲಿಕಾರರ ಮಕ್ಕಳಿಗೆ ಲಿನಕ್ಸಿನಲ್ಲಿ ಚಿತ್ರ ಬರೆಯಲು ಕಲಿಸಿದರು.

ಇದರ ಬೆಲೆ ನಮ್ಮ ಜಿಲ್ಲೆಗೆ ತಿಳಿದುಬಂದದ್ದು ೨೦೨೦ರಲ್ಲಿ. ಸೋಂಕಿನಿಂದಾಗಿ ಶಾಲೆಗಳು ಮುಚ್ಚಿದವು. ಆಗಸ್ಟಿನಲ್ಲಿ ವಿದ್ಯಾಗಮ ಯೋಜನೆ ಬಂದು ನಾವು ಗುಡಿಯ ಕಟ್ಟೆಯಲ್ಲಿ, ಬೇವಿನ ಮರದ ನೆರಳಿನಲ್ಲಿ ಪಾಠ ಮಾಡಿದೆವು. ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಮನೆಯಲ್ಲಿ ಒಂದೇ ಫೋನು, ಅದೂ ಹೊಲಕ್ಕೆ ಹೋದ ತಂದೆಯ ಜೇಬಿನಲ್ಲಿ. ಆಗ ಸುರಪುರದ ಕಡೆಯ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಅಣ್ಣ ಕಾಲೇಜಿನಲ್ಲಿದ್ದಾಗ ಕೊಂಡಿದ್ದ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. ಪೇಟೆಯ ಅಂಗಡಿಯೊಂದರಲ್ಲಿ, "ಇದಕ್ಕೆ ಖರ್ಚು ಮಾಡಬ್ಯಾಡ್ರಿ, ಹೊಸಾದು ತಗೋರಿ" ಎಂದಿದ್ದರಂತೆ. ಹೊಸದಕ್ಕೆ ಆ ಮನೆಯ ಒಂದು ವರ್ಷದ ಹತ್ತಿಯ ಲಾಭ ಸಾಲದು. ಒಂದು ಮಧ್ಯಾಹ್ನ ಕುಳಿತು ಅದಕ್ಕೆ ಹಗುರವಾದ ಲಿನಕ್ಸ್ ಹಾಕಿಕೊಟ್ಟೆ. ಪಠ್ಯಪುಸ್ತಕಗಳ ಪಿಡಿಎಫ್, ಪೆನ್ ಡ್ರೈವಿನಲ್ಲಿ ತುಂಬಿಕೊಟ್ಟ ಪಾಠದ ವಿಡಿಯೋಗಳು, ಟಿಪ್ಪಣಿ ಬರೆಯಲು ಲಿಬ್ರೆಆಫೀಸ್, ಇಷ್ಟೇ ಅವಳಿಗೆ ಬೇಕಾದದ್ದು. ಇಷ್ಟನ್ನೂ ಆ ಯಂತ್ರ ಮಾಡಿತು.

ಹಗುರವೆಂದರೇನು ಎಂಬುದನ್ನು ಬಿಡಿಸಿ ಹೇಳಬೇಕು. ೨೦೦೭ರ ಕೊನೆಯಲ್ಲಿ ತೈವಾನಿನ ಏಸಸ್ ಕಂಪನಿ ಇಇ ಪಿಸಿ ಎಂಬ ಏಳಂಗುಲ ಪರದೆಯ ಪುಟ್ಟ ಲ್ಯಾಪ್‌ಟಾಪನ್ನು ಹೊರತಂದಿತು: ೫೧೨ ಎಂಬಿ ರ‍್ಯಾಮ್, ೪ ಜಿಬಿ ಸಂಗ್ರಹ, ಒಳಗೆ ಲಿನಕ್ಸ್. ಮರುವರ್ಷ ಇಂಟೆಲ್ಲಿನವರು ಇಂಥ ಯಂತ್ರಗಳಿಗೆಂದೇ ಆಟಮ್ ಎನ್೨೭೦ ಎಂಬ ಪ್ರೊಸೆಸರನ್ನು ಮಾಡಿದರು. ವೇಗ ೧.೬ ಗಿಗಾಹರ್ಟ್ಸ್, ಉಣ್ಣುವ ವಿದ್ಯುತ್ತು ಎರಡೂವರೆ ವ್ಯಾಟು, ಒಂದು ಸಣ್ಣ ಎಲ್ಇಡಿ ಬಲ್ಬಿನಷ್ಟು. ನಮ್ಮ ಊರುಗಳ ಅಲಮಾರುಗಳಲ್ಲಿ ಮಲಗಿರುವ ಹತ್ತಂಗುಲದ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟು ಈ ಜಾತಿಯವು. ನನ್ನಲ್ಲಿರುವುದೂ ಅದೇ, ರ‍್ಯಾಮ್ ೧ ಜಿಬಿ. ಇಂಥವಕ್ಕಾಗಿ ಕಷ್ಟಪಟ್ಟವರು ಬಹಳ ಮಂದಿ. ಆಸ್ಟ್ರೇಲಿಯದ ಬ್ಯಾರಿ ಕಾಲರ್ ೨೦೦೩ರಲ್ಲಿ ಪಪ್ಪಿ ಲಿನಕ್ಸನ್ನು ಹೊರಡಿಸಿದರು. ಅದು ಇಡಿಯಾಗಿ ರ‍್ಯಾಮಿನೊಳಗೆ ಕುಳಿತು ಓಡಬಲ್ಲದು. ತೈವಾನಿನ ತರುಣನೊಬ್ಬ ೨೦೦೬ರಲ್ಲಿ ಎಲ್‌ಎಕ್ಸ್‌ಡಿಇ ಎಂಬ ಮಿತಾಹಾರಿ ಪರದೆಯ ವ್ಯವಸ್ಥೆಯನ್ನು ಆರಂಭಿಸಿದ. ಗ್ರೀಸ್ ದೇಶದಿಂದ ಬರುವ ಆಂಟಿಎಕ್ಸ್ ಎಂಬುದು ಡೆಬಿಯನ್ನಿನ ಮೇಲೆ ಕಟ್ಟಿದ್ದು. ನನ್ನ ಯಂತ್ರದಲ್ಲಿ ಅದು ಎದ್ದು ಕುಳಿತಾಗ ಹಿಡಿಯುವ ರ‍್ಯಾಮು ೨೦೦ ಎಂಬಿಗೂ ಒಳಗೆ. ನೆರಳು, ಹೊಳಪು, ತೇಲುವ ಕಿಟಕಿ, ಹಿನ್ನೆಲೆಯಲ್ಲಿ ಸದಾ ಏನನ್ನೋ ಹುಡುಕುವ ಸೇವೆಗಳು ಇವನ್ನೆಲ್ಲ ಬಿಟ್ಟುಕೊಟ್ಟ ಫಲವದು. ರ‍್ಯಾಮ್ ತುಂಬಿಹೋದರೆ ಗಣಕ ಡಿಸ್ಕಿನ ಬಾಗಿಲಿಗೆ ಓಡಾಡತೊಡಗುತ್ತದೆ. ಡಿಸ್ಕು ರ‍್ಯಾಮಿಗಿಂತ ಎಷ್ಟೋ ಪಟ್ಟು ಮಂದವಾದುದರಿಂದ ಇಡೀ ಯಂತ್ರ ಕುಂಟುತ್ತದೆ. ನಮ್ಮ ನಿಧಾನದ ನಿದಾನ ಬಹುಮಟ್ಟಿಗೆ ಇಲ್ಲಿದೆ.

ಬಹುಮಟ್ಟಿಗೆ ಎಂದೆ, ಮಿಕ್ಕುದು ನಮ್ಮ ಬಿಸಿಲಿನದೂ ಧೂಳಿನದೂ. ಏಪ್ರಿಲ್, ಮೇ ತಿಂಗಳುಗಳಲ್ಲಿ ಯಾದಗಿರಿಯ ಬಂಡೆಗಳು ಹೇಗೆ ಕಾಯುತ್ತವೆಂಬುದನ್ನು ತಾವು ಬಲ್ಲಿರಿ. ಫ್ಯಾನಿನ ಬಾಯಿಗೆ ಧೂಳು ಕಟ್ಟಿದ್ದರೆ ಪ್ರೊಸೆಸರು ತನ್ನನ್ನು ಸುಟ್ಟುಕೊಳ್ಳದಿರಲು ತಾನಾಗಿ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಆದುದರಿಂದ ತಂತ್ರಾಂಶಕ್ಕೆ ಕೈಯಿಡುವ ಮುನ್ನ ಫ್ಯಾನು ಶುಚಿಮಾಡಿಸಿ, ಒಣಗಿ ಹೋದ ಥರ್ಮಲ್ ಪೇಸ್ಟನ್ನು ಬದಲಿಸಬೇಕು. ಹಳೆಯ ತಿರುಗುವ ಹಾರ್ಡ್ ಡಿಸ್ಕಿನ ಬದಲು ಸಣ್ಣದೊಂದು ಎಸ್‌ಎಸ್‌ಡಿ ಹಾಕಿಸಿದರೆ ಆಗುವ ಲಾಭ ಇನ್ನಾವುದರಿಂದಲೂ ಆಗದು. ಇನ್ನೊಂದು ಗುಟ್ಟು: ಒಳಗೆ ನಾಲ್ಕಾಣೆ ನಾಣ್ಯದಂಥ ಒಂದು ಬ್ಯಾಟರಿ ಸೆಲ್ಲು ಇರುತ್ತದೆ. ಅದು ಸತ್ತರೆ ಗಡಿಯಾರ ಹತ್ತಾರು ವರ್ಷ ಹಿಂದಕ್ಕೆ ಹೋಗಿ, ಬ್ಯಾಂಕಿನ ಪುಟವಾಗಲಿ ಅಂಚೆಯ ಪುಟವಾಗಲಿ ತೆರೆಯುವುದಿಲ್ಲ. ಅವುಗಳ ಭದ್ರತಾಪತ್ರಕ್ಕೆ ಆ ಹಳೆಯ ತಾರೀಖು ಒಪ್ಪಿಗೆಯಾಗದು. ಲಿನಕ್ಸು ಕೆಟ್ಟಿತೆಂದು ಜನ ಬೈಯುವ ಸಂದರ್ಭಗಳಲ್ಲಿ ಕೆಲವು ಈ ಸೆಲ್ಲಿನವು.

ಹಾಕುವ ಮೊದಲು ನೋಡಬಹುದಾದದ್ದು ಲಿನಕ್ಸಿನ ಇನ್ನೊಂದು ಸೌಕರ್ಯ. ಪೆನ್ ಡ್ರೈವಿಗೆ ಇಳಿಸಿಕೊಂಡು ಅದರಿಂದಲೇ ಯಂತ್ರವನ್ನು ಎಬ್ಬಿಸಿದರೆ, ಒಳಗಿನ ಡಿಸ್ಕನ್ನು ಮುಟ್ಟದೆಯೇ ಪೂರ್ತಿ ವ್ಯವಸ್ಥೆ ಓಡುತ್ತದೆ. ವೈಫೈ ಹಿಡಿಯುತ್ತದೆಯೆ, ಧ್ವನಿ ಬರುತ್ತದೆಯೆ, ಕನ್ನಡ ಮೂಡುತ್ತದೆಯೆ ಎಂದು ಪರೀಕ್ಷಿಸಿ, ಒಪ್ಪಿದರೆ ಹಾಕಿಕೊಳ್ಳಬಹುದು. ಡಿಸ್ಕಿನಲ್ಲಿ ಮದುವೆಯ ಫೋಟೋಗಳಿದ್ದರೆ ಮೊದಲು ಬೇರೆಡೆ ಇಳಿಸಿಕೊಳ್ಳಿರಿ; ಆಮೇಲೆ ಅತ್ತು ಪ್ರಯೋಜನವಿಲ್ಲ.

ಇದೆಲ್ಲ ಹೇಳಿ, ಹಳೆಯ ಯಂತ್ರ ಹೊಸದಾಗಿಬಿಡುತ್ತದೆಂದು ಆಸೆ ಹುಟ್ಟಿಸಲಾರೆ. ೧ ಜಿಬಿಯೊಳಗೆ ವ್ಯವಸ್ಥೆ ಹಗುರವಾಗಿ ಕೂರುತ್ತದೆ. ಇಂದಿನ ಅಂತರ್ಜಾಲದ ಪುಟಗಳು ಕೂರುವುದಿಲ್ಲ. ಪತ್ರಿಕೆಯ ಒಂದು ಪುಟ ತೆರೆದರೆ ಜಾಹೀರಾತುಗಳೇ ಅರ್ಧ ರ‍್ಯಾಮನ್ನು ನುಂಗಿಹಾಕುತ್ತವೆ. ಎರಡು ಮೂರು ಪುಟಕ್ಕಿಂತ ಹೆಚ್ಚು ಒಟ್ಟಿಗೆ ತೆರೆಯಬಾರದು. ವಿಡಿಯೋವನ್ನು ಚಿಕ್ಕ ಗಾತ್ರದಲ್ಲಿ ನೋಡಬೇಕು. ರ‍್ಯಾಮನ್ನು ೨ ಜಿಬಿಗೆ ಏರಿಸಲು ಸ್ಥಳವಿದ್ದರೆ ಬಾಳು ಹಗುರವಾಗುತ್ತದೆ. ಬರೆಹ, ಓದು, ಲೆಕ್ಕದ ಪಟ್ಟಿ, ಹಾಡು, ಆಕಾಶವಾಣಿಯನ್ನು ಅಂತರ್ಜಾಲದ ಮೂಲಕ ಕೇಳುವುದು, ಇವಕ್ಕೆ ಆಟಮ್ ಧಾರಾಳವಾಗಿ ಸಾಕು. ಈ ಪ್ರಬಂಧವನ್ನು ಬರೆದದ್ದೂ ಅದರಲ್ಲಿಯೇ.

ಕೊನೆಗೆ ಒಂದು ಅವಧಿಯ ಸಂಗತಿ. ಲಿನಕ್ಸಿಗೂ ಹಳೆಯದನ್ನು ಬಿಡುವ ದಿನ ಬರುತ್ತದೆ. ಆದರೆ ನಿಧಾನವಾಗಿ, ಹತ್ತು ಜನರೆದುರು ಚರ್ಚೆಯಾಗಿ ಬರುತ್ತದೆ. ತಾನು ಹುಟ್ಟಿದ ೩೮೬ ಪ್ರೊಸೆಸರನ್ನು ಅದು ಕೈಬಿಟ್ಟದ್ದು ೨೦೧೩ರ ೩.೮ನೆಯ ಆವೃತ್ತಿಯಲ್ಲಿ, ಇಪ್ಪತ್ತೊಂದು ವರ್ಷಗಳ ಮೇಲೆ. ಈಗ ಮೂವತ್ತೆರಡು ಬಿಟ್ಟಿನ ಯಂತ್ರಗಳ ಸರದಿ. ಆಟಮ್ ಎನ್೨೭೦ ಆ ವರ್ಗಕ್ಕೆ ಸೇರಿದ್ದು. ಉಬುಂಟು ಬಳಗ ೨೦೧೮ರ ಹೊತ್ತಿಗೆ ಅವನ್ನು ಬಿಟ್ಟಿತು; ೨೦೨೫ರ ಆಗಸ್ಟ್ ೯ರಂದು ಹೊರಟ ೧೩ನೆಯ ಡೆಬಿಯನ್ ಅಂಥ ಯಂತ್ರಗಳಿಗೆ ಹೊಸದಾಗಿ ಹಾಕುವ ಏರ್ಪಾಡನ್ನು ನಿಲ್ಲಿಸಿತು. ೧೨ನೆಯ ಡೆಬಿಯನ್ನಿಗೆ ೨೦೨೮ರ ಜೂನ್‌ವರೆಗೆ ರಕ್ಷಣೆಯ ತಿದ್ದುಪಡಿಗಳು ಒದಗುವ ಏರ್ಪಾಡಿದೆ. ಆದುದರಿಂದ ತಮ್ಮ ಯಂತ್ರ ಮೂವತ್ತೆರಡು ಬಿಟ್ಟಿನದೋ ಅರುವತ್ತನಾಲ್ಕರದೋ ಎಂಬುದನ್ನು ಮೊದಲು ಪ್ರೊಸೆಸರಿನ ಹೆಸರಿನಿಂದ ತಿಳಿದುಕೊಳ್ಳಿರಿ. ಅರುವತ್ತನಾಲ್ಕರದಾದರೆ ಈಗಿನ ಯಾವ ಹಗುರ ಹಂಚಿಕೆಯಾದರೂ ನಡೆದೀತು. ಮೂವತ್ತೆರಡರದಾದರೆ ೧೨ನೆಯ ಡೆಬಿಯನ್ನನ್ನೋ ಅದರ ಮೇಲೆ ಕಟ್ಟಿದ ಆಂಟಿಎಕ್ಸ್ ೨೩ನ್ನೋ ಪೆನ್ ಡ್ರೈವಿಗೆ ಇಳಿಸಿ, ಒಂದು ಪ್ರತಿಯನ್ನು ಬೇರೆಯಾಗಿ ತೆಗೆದಿಟ್ಟುಕೊಳ್ಳುವುದು ಲೇಸು.